ಇಬ್ರಾಹಿಂಪಟ್ನಂ: ಕಲ್ಲಿದ್ದಲಿನ ತೆರಿಗೆ, ಬುಡಮೇರಿನ ನೆರೆ

ಹವಾಮಾನ ಬದಲಾವಣೆಯನ್ನು ಎದುರಿಸಲು ಬೇಕಾದ ಹಣವನ್ನೂ ದುಡಿಮೆಯನ್ನೂ ಕೊಡಲು ಜನ ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ, ನಮ್ಮಂಥ ದೇಶದ ಜನರಿಗೆ ಅಂಥ ಮನಸ್ಸಾಗಲಿ ಶಕ್ತಿಯಾಗಲಿ ಇಲ್ಲವೆಂಬ ಉತ್ತರ ಬಲುಬೇಗ ಬಂದುಬಿಡುತ್ತದೆ. ಈ ಉತ್ತರ ಎಷ್ಟರಮಟ್ಟಿಗೆ ಸರಿ ಎಂದು ಒರೆಹಚ್ಚಿ ನೋಡುವುದಕ್ಕೆ ಆಂಧ್ರಪ್ರದೇಶದ ಇಬ್ರಾಹಿಂಪಟ್ನಂಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಹೈದರಾಬಾದಿನ ಮಗ್ಗುಲಲ್ಲೂ ಇದೇ ಹೆಸರಿನ ಊರೊಂದಿದೆ; ಇಲ್ಲಿ ಹೇಳಹೊರಟಿರುವುದು ವಿಜಯವಾಡದ ಪಶ್ಚಿಮಕ್ಕೆ, ಕೃಷ್ಣಾ ನದಿಯ ಎಡದಂಡೆಯಲ್ಲಿ, ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಗೆ ತಗುಲಿಕೊಂಡಿರುವ ಊರಿನ ವಿಷಯ. ಹವಾಮಾನ ಬದಲಾವಣೆಯ ಕಾರಣಗಳಲ್ಲಿ ಬಹುದೊಡ್ಡದಾದ ಕಲ್ಲಿದ್ದಲಿನ ಉರಿ ಈ ಊರಿನಲ್ಲೇ ಇದೆ, ಅದರ ಪರಿಣಾಮಗಳಲ್ಲಿ ಒಂದಾದ ವಿಪರೀತ ಮಳೆಯ ನೀರು ನದಿಗೆ ಸೇರಬೇಕಾದ ಕಾಲುವೆಯೂ ಈ ಊರಿನಲ್ಲೇ ಹಾದುಹೋಗುತ್ತದೆ. ಎರಡಕ್ಕೂ ಜನರಿಂದ ಹಣ ಹರಿದುಬಂದಿದೆ, ಆದರೆ ಆ ಹಣ ಯಾವಾಗ ಬಂತು, ಎಲ್ಲಿಗೆ ಹೋಯಿತು ಎಂಬುದರಲ್ಲಿ ಇಡೀ ಸಮಸ್ಯೆ ಅಡಗಿದೆ.

ಜನರ ಮನಸ್ಸಿನ ಬಗ್ಗೆ ಊಹೆಯನ್ನು ಬಿಟ್ಟು ಎಣಿಕೆಯನ್ನೇ ನೋಡುವುದಾದರೆ, 2024ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪೀಟರ್ ಆಂದ್ರೆ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆ ಗಮನಾರ್ಹವಾದುದು. 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಕೇಳಿದಾಗ, ಭೂಮಿಯ ಬಿಸಿಯೇರಿಕೆಯನ್ನು ತಡೆಯಲು ತಮ್ಮ ತಿಂಗಳ ಆದಾಯದ ಶೇ. 1ರಷ್ಟನ್ನು ಕೊಡಲು ಸಿದ್ಧವೆಂದವರು ಶೇ. 69 ಮಂದಿ, ಸರ್ಕಾರಗಳು ಇನ್ನೂ ಹೆಚ್ಚು ಮಾಡಬೇಕೆಂದವರು ಶೇ. 89 ಮಂದಿ. ಆದರೆ ತಮ್ಮ ದೇಶದಲ್ಲಿ ಉಳಿದವರೆಷ್ಟು ಮಂದಿ ಹೀಗೆ ಕೊಡಲು ಒಪ್ಪಿಯಾರು ಎಂದು ಅದೇ ಜನರನ್ನು ಕೇಳಿದಾಗ, ಅವರ ಅಂದಾಜು ಸರಾಸರಿ ಶೇ. 43ನ್ನು ದಾಟಲಿಲ್ಲ. ಅಂದರೆ ಕೊಡುವ ಮನಸ್ಸಿನವರೇ ಹೆಚ್ಚಾಗಿದ್ದರೂ, ಪಕ್ಕದ ಮನೆಯವರು ಕೊಡಲಾರರೆಂಬ ತಪ್ಪು ಎಣಿಕೆಯಿಂದ ಪ್ರತಿಯೊಬ್ಬರೂ ಸುಮ್ಮನಿದ್ದಾರೆ. ಬಾಯಿಮಾತಿನಲ್ಲಿ ಒಪ್ಪುವುದು ಬೇರೆ, ಜೇಬಿನಿಂದ ತೆಗೆದುಕೊಡುವುದು ಬೇರೆ ಎಂಬ ಆಕ್ಷೇಪಣೆಗೆ ಅರ್ಥವಿಲ್ಲದಿಲ್ಲ. ಆದರೆ ಭಾರತದ ಜನ ಜೇಬಿನಿಂದ ತೆಗೆದುಕೊಟ್ಟೇ ಇದ್ದಾರೆ. ಕೊಟ್ಟದ್ದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಆ ಕೊಡುಗೆಯ ಲೆಕ್ಕ ಇಬ್ರಾಹಿಂಪಟ್ನಂನ ರೈಲು ಹಳಿಗಳ ಮೇಲೆ ಸಿಗುತ್ತದೆ. ಊರಿನ ಪಕ್ಕದಲ್ಲಿರುವ ವಿಜಯವಾಡ ಉಷ್ಣ ವಿದ್ಯುತ್ ಸ್ಥಾವರಕ್ಕೆ ಅವಿಭಜಿತ ಆಂಧ್ರದ ವಿದ್ಯುತ್ ಮಂಡಳಿಯ ಅಧ್ಯಕ್ಷರಾಗಿದ್ದ ಡಾ. ನಾರ್ಲ ತಾತಾರಾವ್ ಅವರ ಹೆಸರಿದ್ದರೂ, ಜನ ಇಂದಿಗೂ ಅದನ್ನು ‘ವಿಟಿಪಿಎಸ್’ ಎಂದೇ ಕರೆಯುತ್ತಾರೆ. 1979ರಲ್ಲಿ ಮೊದಲ ಘಟಕದೊಂದಿಗೆ ಆರಂಭವಾಗಿ, 210 ಮೆಗಾವಾಟ್‌ನ ಆರು ಘಟಕ, 500 ಮೆಗಾವಾಟ್‌ನ ಒಂದು, 2023ರ ಕೊನೆಯಲ್ಲಿ ಸೇರಿದ 800 ಮೆಗಾವಾಟ್‌ನ ಮತ್ತೊಂದು ಸೇರಿ ಅದರ ಒಟ್ಟು ಸಾಮರ್ಥ್ಯ 2,560 ಮೆಗಾವಾಟ್ ಆಗಿದೆ. ಒಡಿಶಾದ ತಾಲ್ಚೇರ್ ಗಣಿಗಳಿಂದಲೂ ತೆಲಂಗಾಣದ ಸಿಂಗರೇಣಿಯಿಂದಲೂ ಬರುವ ಕಲ್ಲಿದ್ದಲಿನ ಗೂಡ್ಸ್ ರೈಲಿಗೆ ಸಾಮಾನ್ಯವಾಗಿ 58 ವ್ಯಾಗನ್‌ಗಳಿದ್ದು, ಒಂದು ರೈಲು ಸುಮಾರು 3,800 ಟನ್ ಕಲ್ಲಿದ್ದಲನ್ನು ತರುತ್ತದೆ. ಟಿಪ್ಲರ್ ಎಂಬ ಯಂತ್ರ ಒಂದೊಂದು ವ್ಯಾಗನ್ನನ್ನೂ ಹಳಿಯ ಸಮೇತ ಹಿಡಿದು, ಮೇಲೆತ್ತಿ, ಮಗುಚಿ ಖಾಲಿ ಮಾಡುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕೆಂದಿಟ್ಟುಕೊಂಡರೆ, ಎಲ್ಲ ಘಟಕಗಳೂ ಪೂರ್ಣ ಸಾಮರ್ಥ್ಯದಲ್ಲಿ ದುಡಿದ ದಿನ 40 ಸಾವಿರ ಟನ್ನಿಗೂ ಹೆಚ್ಚು, ಅಂದರೆ ಹತ್ತು ಹನ್ನೊಂದು ರೈಲುಗಳ ಕಲ್ಲಿದ್ದಲು ಉರಿದು ಹೋಗುತ್ತದೆ. ಪ್ರತಿ ಯೂನಿಟ್‌ಗೂ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಈ ಕಲ್ಲಿದ್ದಲಿನ ಮೇಲೆ ಕೇಂದ್ರ ಸರ್ಕಾರ 2010ರಲ್ಲಿ ಟನ್ನಿಗೆ 50 ರೂಪಾಯಿಯ ಸೆಸ್ ವಿಧಿಸಿತು. ಸೆಸ್ ಎಂದರೆ ಒಂದು ನಿರ್ದಿಷ್ಟ ಉದ್ದೇಶವನ್ನು ಹೇಳಿ ತೆರಿಗೆಯ ಮೇಲೆ ಎತ್ತುವ ಹೆಚ್ಚುವರಿ ಹಣ. ಇಲ್ಲಿ ಹೇಳಿದ್ದ ಉದ್ದೇಶ ಸೌರ, ಪವನ ಮುಂತಾದ ಶುದ್ಧ ಇಂಧನಗಳ ಬೆಳವಣಿಗೆ, ಅದಕ್ಕೆಂದೇ ಸ್ಥಾಪಿತವಾದದ್ದು ರಾಷ್ಟ್ರೀಯ ಶುದ್ಧ ಇಂಧನ ನಿಧಿ. ದರ 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗೆ ಏರಿತು. 400 ರೂಪಾಯಿಯ ದರದಲ್ಲಿ ಇಬ್ರಾಹಿಂಪಟ್ನಂಗೆ ಬಂದ ಒಂದೊಂದು ರೈಲೂ ಸುಮಾರು 15 ಲಕ್ಷ ರೂಪಾಯಿಯನ್ನು ಈ ಲೆಕ್ಕಕ್ಕೆ ಕಟ್ಟಿದಂತಾಯಿತು. ವಿದ್ಯುತ್ ಸ್ಥಾವರ ಅದನ್ನು ತನ್ನ ಲಾಭದಿಂದ ಕಟ್ಟಲಿಲ್ಲ, ವಿದ್ಯುತ್ತಿನ ದರದೊಳಗೆ ಸೇರಿಸಿತು. ಯೂನಿಟ್‌ಗೆ ಸುಮಾರು 28 ಪೈಸೆಯಂತೆ ಅದನ್ನು ಕೊಟ್ಟವರು ಮನೆಯಲ್ಲಿ ಫ್ಯಾನ್ ಹಾಕಿಕೊಂಡವರು, ಹಿಟ್ಟಿನ ಗಿರಣಿ ನಡೆಸುವವರು, ಅಂಗಡಿಗೆ ದೀಪ ಹಚ್ಚಿದವರು. ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ ರಾಯಚೂರಿನ ಶಕ್ತಿನಗರದಲ್ಲಿರುವ ಸ್ಥಾವರವೂ ಇದೇ ಸೆಸ್ ಕಟ್ಟಿತು, ಆದ್ದರಿಂದ ಕನ್ನಡ ನಾಡಿನ ಬಳಕೆದಾರರೂ ಈ ಲೆಕ್ಕದಲ್ಲಿ ಪಾಲುದಾರರು.

ಈ ಹಣ ಏನಾಯಿತು ಎಂಬುದು ಬೇಸರ ತರುವ ಕಥೆ. 2010-11ರಿಂದ 2017-18ರವರೆಗೆ ಸಂಗ್ರಹವಾದದ್ದು ಸುಮಾರು 86 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಶುದ್ಧ ಇಂಧನ ನಿಧಿಗೆ ವರ್ಗವಾದದ್ದು 29 ಸಾವಿರ ಕೋಟಿಗೆ ತುಸು ಮೇಲೆ. ಯೋಜನೆಗಳಿಗೆ ನಿಜವಾಗಿ ಸಂದದ್ದು ಸುಮಾರು 16 ಸಾವಿರ ಕೋಟಿ. ನೂರು ರೂಪಾಯಿ ಕೊಟ್ಟ ಸಮಾಜಕ್ಕೆ ಹದಿನೆಂಟು ರೂಪಾಯಿಯ ಕೆಲಸವಷ್ಟೇ ಹಿಂದಿರುಗಿದಂತಾಯಿತು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ತೆರಿಗೆ ನಷ್ಟವನ್ನು ತುಂಬಿಕೊಡುವ ಪರಿಹಾರ ಸೆಸ್ ಆಗಿ ಬದಲಾಯಿತು, ಕೋವಿಡ್ ಕಾಲದಲ್ಲಿ ರಾಜ್ಯಗಳ ಪರವಾಗಿ ಎತ್ತಿದ ಸಾಲ ತೀರಿಸುವುದಕ್ಕೂ ಹೋಯಿತು. ರಾಜ್ಯಗಳ ಖಜಾನೆ ಬರಿದಾಗದಂತೆ ನೋಡಿಕೊಳ್ಳುವುದು ಅಗತ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಒಂದು ಕೆಲಸದ ಹೆಸರಿನಲ್ಲಿ ಎತ್ತಿದ ಹಣ ಮತ್ತೊಂದಕ್ಕೆ ಹೋದಾಗ, ಮುಂದೆ ಅದೇ ಕೆಲಸಕ್ಕೆ ಮತ್ತೆ ಕೈಚಾಚುವ ನೈತಿಕ ಹಕ್ಕು ಸರ್ಕಾರಗಳಿಗೆ ಕಡಿಮೆಯಾಗುತ್ತದೆ.

ವಿದ್ಯುತ್ ದರದ ವಿಷಯದಲ್ಲಿ ತೆಲುಗು ನಾಡಿನ ನೆನಪು ಬಹಳ ಗಾಢವಾದುದು. 2000ದ ಆಗಸ್ಟ್ 28ರಂದು ದರ ಏರಿಕೆಯ ವಿರುದ್ಧ ಹೈದರಾಬಾದಿನ ಬಶೀರ್‌ಬಾಗ್‌ನಲ್ಲಿ ನಡೆದ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಅಂದಿನಿಂದ ಅಲ್ಲಿನ ಯಾವ ಪಕ್ಷವೂ ವಿದ್ಯುತ್ ಬಿಲ್ಲನ್ನು ಹಗುರವಾಗಿ ಮುಟ್ಟಿಲ್ಲ. ಇಂಥ ಪ್ರತಿಭಟನೆಗಳನ್ನು ಮುಂದಿಟ್ಟುಕೊಂಡು, ಜನ ಪರಿಸರಕ್ಕಾಗಿ ಒಂದು ಪೈಸೆಯನ್ನೂ ಬಿಚ್ಚುವುದಿಲ್ಲವೆಂದು ವಾದಿಸುವವರಿದ್ದಾರೆ. ಆದರೆ ಬಶೀರ್‌ಬಾಗ್‌ನಲ್ಲಿ ಜನ ವಿರೋಧಿಸಿದ್ದು ಏಕಾಏಕಿ ಹೇರಿದ ಹೊರೆಯನ್ನು. ಕಾರಣ ಹೇಳಿ, ಲೆಕ್ಕ ಕೊಟ್ಟು, ಬಡವರ ಪಾಲನ್ನು ತಗ್ಗಿಸಿ ಕೇಳಿದ ಹಣವನ್ನು ಅವರು ನಿರಾಕರಿಸಿದ ಉದಾಹರಣೆ ಇನ್ನೂ ಇಲ್ಲ, ಏಕೆಂದರೆ ಹಾಗೆ ಕೇಳಿ ನೋಡಿದವರೇ ಇಲ್ಲ.

ಇದೇ ಜನ ಯಾರೂ ಬಲವಂತ ಮಾಡದೆಯೇ ಎಷ್ಟು ಕೊಡಬಲ್ಲರೆಂಬುದು 2024ರ ಸೆಪ್ಟೆಂಬರ್‌ನಲ್ಲಿ ಕಾಣಿಸಿತು. ಮೈಲವರಂ ಸುತ್ತಲಿನ ಗುಡ್ಡಗಳಲ್ಲಿ ಹುಟ್ಟಿ ಕೊಲ್ಲೇರು ಸರೋವರ ಸೇರುವ ಬುಡಮೇರು ಎಂಬ ಹೊಳೆ ವಿಜಯವಾಡದ ಉತ್ತರದ ಬಡಾವಣೆಗಳ ನಡುವೆಯೇ ಹರಿಯುತ್ತದೆ. ಅದರ ನೆರೆ ನಗರಕ್ಕೆ ನುಗ್ಗದಿರಲೆಂದು ವೆಲಗಲೇರಿನಲ್ಲಿ ಗೇಟುಗಳನ್ನು ಕಟ್ಟಿ, ಅಲ್ಲಿಂದ ನೀರನ್ನು ಕಾಲುವೆಯೊಂದರ ಮೂಲಕ ಪಶ್ಚಿಮಕ್ಕೆ ತಿರುಗಿಸಿ, ವಿದ್ಯುತ್ ಸ್ಥಾವರದ ಬದಿಯಿಂದ ಹಾಯಿಸಿ ಇಬ್ರಾಹಿಂಪಟ್ನಂ ಬಳಿ ಕೃಷ್ಣೆಗೆ ಸೇರಿಸುವ ವ್ಯವಸ್ಥೆ ಹಳೆಯದು. 2005ರ ನೆರೆಯ ನಂತರ ಈ ಕಾಲುವೆಯನ್ನು ಅಗಲ ಮಾಡುವ ಕೆಲಸ ಶುರುವಾಗಿತ್ತಾದರೂ ಪೂರ್ತಿಯಾಗಿರಲಿಲ್ಲ, ಹೊಳೆಯ ಪಾತ್ರವೇ ನಗರದೊಳಗೆ ಒತ್ತುವರಿಯಿಂದ ಕಿರಿದಾಗಿತ್ತು. ಆಗಸ್ಟ್ 31ರ ವಿಪರೀತ ಮಳೆಗೆ ಬುಡಮೇರು ಉಕ್ಕಿದಾಗಲೇ ಕೃಷ್ಣೆಯೂ ತುಂಬಿ ಬಂದು, ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯುಸೆಕ್‌ಗೂ ಮೀರಿ, ಅಂದರೆ ಬ್ಯಾರೇಜಿನ ಇತಿಹಾಸದಲ್ಲೇ ಕಾಣದಷ್ಟು ನೀರು ಹರಿಯಿತು. ನದಿಯ ಮಟ್ಟವೇ ಏರಿದ್ದರಿಂದ ಕಾಲುವೆಯ ನೀರಿಗೆ ಹೋಗಲು ದಾರಿಯಿಲ್ಲವಾಯಿತು, ಕೊಂಡಪಲ್ಲಿಯ ಆಸುಪಾಸಿನಲ್ಲಿ ಕಾಲುವೆಯ ಏರಿ ಮೂರು ಕಡೆ ಒಡೆಯಿತು, ಸಿಂಗ್‌ನಗರ, ಪಾಯಕಾಪುರಂ, ರಾಜರಾಜೇಶ್ವರಿಪೇಟ ಮುಂತಾದ ಬಡವರ, ಮಧ್ಯಮ ವರ್ಗದವರ ಬಡಾವಣೆಗಳು ಹಲವು ದಿನ ನೀರಿನಲ್ಲಿ ನಿಂತವು.

ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಆದ್ದರಿಂದ ಸುರಿದರೆ ಒಮ್ಮೆಲೇ ಸುರಿಯುವ ಮಳೆಗಳು ಹೆಚ್ಚುತ್ತವೆ ಎಂಬುದು ಭೌತವಿಜ್ಞಾನದ ನಿಯಮ. ಹಾಗೆಂದು ಈ ನೆರೆಯನ್ನು ಪೂರ್ತಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಒತ್ತುವರಿ ಮತ್ತು ಅರ್ಧಕ್ಕೆ ನಿಂತ ಕಾಮಗಾರಿಯ ಪಾಲು ಇಲ್ಲಿ ದೊಡ್ಡದಿದೆ. ಆದರೆ ಮಳೆಯ ಸ್ವಭಾವ ಬದಲಾಗುತ್ತಿರುವಾಗ ಅರ್ಧ ಅಗೆದ ಕಾಲುವೆಯನ್ನು ಹಾಗೆಯೇ ಬಿಡುವುದಕ್ಕೆ ತೆರಬೇಕಾದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ನೆರೆಯ ಆ ವಾರಗಳಲ್ಲಿ ಮುಖ್ಯಮಂತ್ರಿ ಪರಿಹಾರ ನಿಧಿಗೆ ನೂರಾರು ಕೋಟಿ ರೂಪಾಯಿ ಬಂತು. ಸರ್ಕಾರಿ ನೌಕರರು ಒಂದು ದಿನದ ವೇತನ ಬಿಟ್ಟುಕೊಟ್ಟರು, ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರು ನೆರೆಗೆ ಸಿಕ್ಕ ಪಂಚಾಯಿತಿಗಳಿಗೆ ತಲಾ ಒಂದು ಲಕ್ಷ ರೂಪಾಯಿಯನ್ನು ಸ್ವಂತ ಹಣದಿಂದ ಘೋಷಿಸಿದರು, ಅಕ್ಕಪಕ್ಕದ ಊರುಗಳಿಂದ ಅನ್ನದ ಪೊಟ್ಟಣ, ನೀರಿನ ಬಾಟಲಿ, ಹಾಲು ಬಂದವು. ಒಡೆದ ಏರಿಯನ್ನು ಸೇನೆಯ ನೆರವಿನಿಂದ ಸೆಪ್ಟೆಂಬರ್ 7ರ ವೇಳೆಗೆ ಮುಚ್ಚಲಾಯಿತು, ನೀರಿಳಿದ ಮೇಲೆ ಅಗ್ನಿಶಾಮಕ ವಾಹನಗಳು ಬೀದಿಬೀದಿಗೆ ಹೋಗಿ ಮನೆಗಳೊಳಗಿನ ಕೆಸರನ್ನು ತೊಳೆದವು. ಬ್ಯಾರೇಜಿಗೆ ದೋಣಿಗಳು ಬಡಿದು ಗೇಟುಗಳ ಸಮತೂಕದ ದಿಮ್ಮಿಗಳು ಮುರಿದಾಗ ಅವನ್ನು ಸರಿಪಡಿಸಲು ಬಂದವರು, ಅದೇ ಆಗಸ್ಟ್‌ನಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನೀರು ತುಂಬಿದ್ದಂತೆಯೇ ತಾತ್ಕಾಲಿಕ ಗೇಟು ಕೂರಿಸಿ ಕನ್ನಡಿಗರ ಕೃತಜ್ಞತೆಗೆ ಪಾತ್ರರಾಗಿದ್ದ ಕನ್ನಯ್ಯ ನಾಯ್ಡು ಅವರು. ನೆಲಮಹಡಿ ಮುಳುಗಿದ ಮನೆಗಳಿಗೆ 25 ಸಾವಿರ, ಮೇಲಿನ ಮಹಡಿಯ ಮನೆಗಳಿಗೆ 10 ಸಾವಿರ ರೂಪಾಯಿಯನ್ನು ಸರ್ಕಾರ ಕೊಟ್ಟಿತು. ಆದರೆ ಒಂದು ಫ್ರಿಜ್, ಒಂದು ದ್ವಿಚಕ್ರ ವಾಹನ, ಮಕ್ಕಳ ಪುಸ್ತಕ, ವರ್ಷದ ಅಕ್ಕಿ, ಹೊಲಿಗೆ ಯಂತ್ರ ಇವಿಷ್ಟು ಕೆಟ್ಟರೂ ನಷ್ಟ ಆ ಮೊತ್ತವನ್ನು ಎಷ್ಟೋ ಮೀರುತ್ತದೆ. ಉಳಿದದ್ದನ್ನು ಭರಿಸಿದ್ದು ಆ ಮನೆಯವರೇ. ಹವಾಮಾನ ಬದಲಾವಣೆಗೆ ಸಮಾಜ ತೆರುವ ಹಣದ ಲೆಕ್ಕದಲ್ಲಿ ಈ ಭಾಗ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಬಂದರೆ, ಬಡವರಿಗೆ ಕೊಡುವ ಶಕ್ತಿಯಿಲ್ಲವೆಂಬ ಮಾತನ್ನು ಯಾರೂ ಆಡಲಾರರು.

ಅನಾಹುತ ಆದ ಮೇಲೆ ಧಾರಾಳವಾಗಿ ಬರುವ ಹಣ ಅದಕ್ಕೆ ಮೊದಲು ಏಕೆ ಬರುವುದಿಲ್ಲ ಎಂಬುದಕ್ಕೆ ಜನರ ಮನಸ್ಸಿಗಿಂತ ಹೆಚ್ಚಾಗಿ ವ್ಯವಸ್ಥೆಯ ರಚನೆಯೇ ಕಾರಣ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ ಎರಡು ಬಗೆಯ ನಿಧಿಗಳ ಮಾತಿದೆ: ವಿಪತ್ತಿನ ನಂತರ ಪರಿಹಾರ ಕೊಡಲು ಸ್ಪಂದನಾ ನಿಧಿ, ವಿಪತ್ತಿನ ಏಟು ಮೊದಲೇ ತಗ್ಗುವಂತೆ ಮಾಡಲು ಉಪಶಮನ ನಿಧಿ. ಸ್ಪಂದನಾ ನಿಧಿ ಬೇಗ ರೂಪುಗೊಂಡಿತು. ಉಪಶಮನ ನಿಧಿಗೆ ನಿಜವಾದ ಹಣ ಗೊತ್ತಾದದ್ದು 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಮಾಡಿದ ಶಿಫಾರಸಿನ ನಂತರ. ಅಲ್ಲಿಯೂ ಹಂಚಿಕೆ ನೂರಕ್ಕೆ ಎಂಬತ್ತು ಪಾಲು ಸ್ಪಂದನೆಗೆ, ಇಪ್ಪತ್ತು ಪಾಲು ಉಪಶಮನಕ್ಕೆ. ಮುಳುಗಿದ ಮನೆಗೆ ಪರಿಹಾರ ಕೊಡುವ ಮಂತ್ರಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಅಗಲಗೊಂಡ ಕಾಲುವೆಯಿಂದಾಗಿ ಮುಳುಗದೆ ಉಳಿದ ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಕಟು ಸತ್ಯವೂ ಇದರ ಹಿಂದಿದೆ.

ಹಾಗೆಂದು ಮೊದಲೇ ಹಣ ಹೂಡಿದ ಉದಾಹರಣೆಗಳು ಇಲ್ಲವೆಂದಲ್ಲ, ಅದೇ ರಾಜ್ಯದ ವಿಶಾಖಪಟ್ಟಣದಲ್ಲೇ ಎರಡು ಸಿಗುತ್ತವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಗಂಟೆಗೆ 170 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಆ ನಗರವನ್ನು ಬಡಿದು ವಿದ್ಯುತ್ ಕಂಬಗಳನ್ನು ಸಾಲುಸಾಲಾಗಿ ಉರುಳಿಸಿದ ನಂತರ, ವಿಶ್ವಬ್ಯಾಂಕ್ 25 ಕೋಟಿ ಡಾಲರ್ ಸಾಲ ಕೊಟ್ಟ ಪುನರ್ನಿರ್ಮಾಣ ಯೋಜನೆಯ ಒಂದು ಭಾಗವಾಗಿ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ನಡೆಯಿತು. ಮುಂದಿನ ಬಿರುಗಾಳಿಗೆ ಉರುಳಲು ಅಲ್ಲಿ ಕಂಬವೇ ಇರುವುದಿಲ್ಲ. ಆಗಲೇ ನಗರದ 90 ಸಾವಿರಕ್ಕೂ ಹೆಚ್ಚು ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಲಾಯಿತು. ಈ ಎರಡನೆಯದರಲ್ಲಿ ಹಣದ ವ್ಯವಸ್ಥೆಯೇ ಸ್ವಾರಸ್ಯಕರ: ಕೇಂದ್ರದ ಇಇಎಸ್‌ಎಲ್ ಎಂಬ ಸಾರ್ವಜನಿಕ ಸಂಸ್ಥೆ ದೀಪಗಳನ್ನು ತನ್ನ ಬಂಡವಾಳದಿಂದ ಹಾಕಿ, ಪಾಲಿಕೆಗೆ ವಿದ್ಯುತ್ ಬಿಲ್ಲಿನಲ್ಲಿ ಆಗುವ ಉಳಿತಾಯದಿಂದ ಆ ವೆಚ್ಚವನ್ನು ಕಂತುಗಳಲ್ಲಿ ವಾಪಸು ಪಡೆಯುವುದು ಒಪ್ಪಂದ. ಯಾರ ಮೇಲೂ ಹೊಸ ತೆರಿಗೆ ಬೀಳಲಿಲ್ಲ, ವೆಚ್ಚ ಉಳಿತಾಯದಿಂದಲೇ ತೀರುವಂತಿತ್ತು, ದೀಪವಂತೂ ಎಲ್ಲರ ಕಣ್ಣೆದುರಿಗೇ ಇತ್ತು.

ಹಣದಷ್ಟೇ ಮುಖ್ಯವಾದುದು ಜನರನ್ನು ಕೂಡಿಸಿ ಕೆಲಸಕ್ಕೆ ಹಚ್ಚುವುದು, ಈ ವಿಷಯದಲ್ಲಿ ಆಂಧ್ರದ ನೈಸರ್ಗಿಕ ಕೃಷಿ ಚಳವಳಿ ವಿಶೇಷ ಗಮನಕ್ಕೆ ಅರ್ಹವಾದುದು. ಜೀವಾಮೃತ, ಮುಚ್ಚಿಗೆ, ಮಿಶ್ರಬೆಳೆಗಳನ್ನು ಆಧರಿಸಿದ ಈ ಪದ್ಧತಿ ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಅವರಿಂದ ಹೊರಟು, ರೈತಸಂಘದವರ ಶಿಬಿರಗಳ ಮೂಲಕ ಕರ್ನಾಟಕದಲ್ಲಿ ಮೊದಲೇ ಬೇರುಬಿಟ್ಟಿತ್ತು. ಆದರೆ ಅದನ್ನು ಸರ್ಕಾರದ ಕಾರ್ಯಕ್ರಮವಾಗಿ ಲಕ್ಷಾಂತರ ಹೊಲಗಳಿಗೆ ಒಯ್ದದ್ದು 2016ರ ನಂತರ ಆಂಧ್ರದ ರೈತು ಸಾಧಿಕಾರ ಸಂಸ್ಥೆ. ನಿವೃತ್ತ ಐಎಎಸ್ ಅಧಿಕಾರಿ ಟಿ. ವಿಜಯಕುಮಾರ್ ಅವರ ಮುಂದಾಳತ್ವದ ಈ ಸಂಸ್ಥೆ ಆರಿಸಿಕೊಂಡ ದಾರಿ ಹೊಸ ಸಂಘಟನೆ ಕಟ್ಟುವುದಲ್ಲ, ಆಂಧ್ರದ ಹಳ್ಳಿಗಳಲ್ಲಿ ಎರಡು ದಶಕಗಳಿಂದ ಬೇರೂರಿದ್ದ ಮಹಿಳಾ ಸ್ವಸಹಾಯ ಸಂಘಗಳ ಹೆಗಲೇರುವುದು. ಯಶಸ್ವಿಯಾದ ರೈತ, ರೈತ ಮಹಿಳೆಯರೇ ಗೌರವಧನ ಪಡೆದು ಅಕ್ಕಪಕ್ಕದ ಊರಿನವರಿಗೆ ಕಲಿಸುತ್ತಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಅವರ ದತ್ತಿ ಸಂಸ್ಥೆಯ ನೆರವು, ಕೇಂದ್ರದ ಕೃಷಿ ಯೋಜನೆಗಳ ಅನುದಾನ, ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ 9 ಕೋಟಿ ಯೂರೋ ಸಾಲ ಹೀಗೆ ಹಣ ನಾನಾ ಕಡೆಯಿಂದ ಬಂತು, 2024ರ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲೂ ಈ ಕಾರ್ಯಕ್ರಮಕ್ಕೆ ಪಾಲು ದೊರೆಯಿತು. ಇಷ್ಟಾದರೂ, 2024ರೊಳಗೆ ರಾಜ್ಯದ 60 ಲಕ್ಷ ರೈತರನ್ನೂ ಈ ಪದ್ಧತಿಗೆ ತರುವೆವೆಂದು 2018ರಲ್ಲಿ ಘೋಷಿಸಿದ ಗುರಿ ಕೈಗೂಡಲಿಲ್ಲ. ಆಗ ಅಂತಾರಾಷ್ಟ್ರೀಯ ಬ್ಯಾಂಕುಗಳ ಮೂಲಕ 200 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತುವ ಮಾತಿತ್ತು. ಆ ಪ್ರಮಾಣದ ಹಣ ಬರಲೇ ಇಲ್ಲ. ದುಡಿಯುವ ಕೈಗಳು ಸಿದ್ಧವಾಗಿದ್ದೂ ಬಂಡವಾಳ ಹಿಂದೆ ಉಳಿದದ್ದು ಇಲ್ಲಿನ ವಿಶೇಷ.

ಜಗತ್ತಿನ ಮಟ್ಟದಲ್ಲೂ ಇದೇ ಚಿತ್ರ. 2009ರ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬೆಳೆಯುತ್ತಿರುವ ದೇಶಗಳಿಗೆ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವೆವೆಂದವು. ಆ ಮೊತ್ತ ಮುಟ್ಟಿದ್ದು ಅವುಗಳದೇ ಲೆಕ್ಕದ ಪ್ರಕಾರ 2022ರಲ್ಲಿ, ಅದರಲ್ಲೂ ಹೆಚ್ಚಿನದು ಸಾಲದ ರೂಪದಲ್ಲಿ. 2024ರ ಬಾಕು ಸಮ್ಮೇಳನ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದಾಗ, ಇದು ಏನೇನೂ ಸಾಲದೆಂದು ಭಾರತ ಸಭೆಯಲ್ಲೇ ಪ್ರತಿಭಟಿಸಿತು. ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಸೂಸುವ ದೇಶದ ಈ ಪ್ರತಿಭಟನೆ ನ್ಯಾಯವಾದುದೇ. ಆದರೆ ಹೊರಗಿನವರ ಹಣಕ್ಕೆ ಕಾಯುತ್ತ ಕೂರುವಷ್ಟು ಕಾಲಾವಕಾಶ ಸಿಂಗ್‌ನಗರದ ನೆಲಮಹಡಿಯಲ್ಲಿ ಬಾಡಿಗೆಗಿರುವವರಿಗೆ ಇಲ್ಲ, ದೇಶದೊಳಗಿನ ಹಣದ ಹಾದಿಯನ್ನಂತೂ ದೇಶವೇ ಸರಿಪಡಿಸಿಕೊಳ್ಳಬೇಕು.

ಆ ಹಾದಿಯಲ್ಲಿ ಈಚೆಗೆ ಒಂದು ಬದಲಾವಣೆ ಆಗಿದ್ದು, ಅದರ ಚರ್ಚೆ ಆಗಬೇಕಾದಷ್ಟು ಆಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಲ್ಲಿದ್ದಲಿನ ಮೇಲಿನ ಟನ್ನಿಗೆ 400 ರೂಪಾಯಿಯ ಸೆಸ್ ರದ್ದಾಗಿ, ಜಿಎಸ್‌ಟಿ ಶೇ. 5ರಿಂದ ಶೇ. 18ಕ್ಕೆ ಏರಿತು. ಟನ್ನಿಗೆ 2,000 ರೂಪಾಯಿ ಬೆಲೆಯ ಕಲ್ಲಿದ್ದಲನ್ನು ಉದಾಹರಣೆಗೆ ತೆಗೆದುಕೊಂಡರೆ, ಮೊದಲು 100 ರೂಪಾಯಿ ಜಿಎಸ್‌ಟಿ ಮತ್ತು 400 ರೂಪಾಯಿ ಸೆಸ್ ಸೇರಿ 500 ರೂಪಾಯಿ ಇದ್ದ ತೆರಿಗೆ ಈಗ 360 ರೂಪಾಯಿಗೆ ಇಳಿದಿದೆ. ಕೊಳೆ ಹೆಚ್ಚಿರುವ ಅಗ್ಗದ ಕಲ್ಲಿದ್ದಲಿಗೆ ತೆರಿಗೆ ಇಳಿದದ್ದು ಹವಾಮಾನದ ದೃಷ್ಟಿಯಿಂದ ಹಿನ್ನಡೆಯೇ. ಆದರೆ ಹಂಚಿಕೆಯಲ್ಲಿ ಬೇರೊಂದು ಸಂಗತಿ ಇದೆ. ವಿದ್ಯುತ್ತು ಜಿಎಸ್‌ಟಿಯ ಹೊರಗಿರುವುದರಿಂದ ವಿದ್ಯುತ್ ಸ್ಥಾವರ ತಾನು ಕೊಟ್ಟ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಲಾಗದು, ಅದು ಸರ್ಕಾರದ ಬಳಿಯೇ ಉಳಿಯುತ್ತದೆ. ಜಿಎಸ್‌ಟಿಯ ನಿಯಮದಂತೆ ಅದರ ಅರ್ಧ ಭಾಗ ಕಲ್ಲಿದ್ದಲು ಉರಿಯುವ ರಾಜ್ಯದ ಖಜಾನೆಗೆ ಸೇರುತ್ತದೆ. ಹಿಂದಿನ 500 ರೂಪಾಯಿಯಲ್ಲಿ ಆಂಧ್ರಕ್ಕೆ ನೇರವಾಗಿ ಬರುತ್ತಿದ್ದದ್ದು 50 ರೂಪಾಯಿ. ಈಗಿನ 360ರಲ್ಲಿ ಬರುವುದು 180. ಇಬ್ರಾಹಿಂಪಟ್ನಂನ ಟಿಪ್ಲರ್‌ನಲ್ಲಿ ಮಗುಚಿದ ಒಂದು ರೈಲಿನ ಕಲ್ಲಿದ್ದಲಿಗೆ ಇದು ಸುಮಾರು 6.8 ಲಕ್ಷ ರೂಪಾಯಿ, ಶಕ್ತಿನಗರಕ್ಕೆ ಬರುವ ರೈಲುಗಳ ಪಾಲು ಇದೇ ಲೆಕ್ಕದಲ್ಲಿ ಕರ್ನಾಟಕಕ್ಕೆ. ಈ ಹಣಕ್ಕೆ ಈಗ ಯಾವ ಉದ್ದೇಶದ ಹೆಸರೂ ಅಂಟಿಕೊಂಡಿಲ್ಲ, ಅದನ್ನು ಬುಡಮೇರಿನ ಕಾಲುವೆಗೆ ಕೊಡಬೇಕೇ, ಮನೆಗಳ ಚಾವಣಿಯ ಸೌರ ಫಲಕಗಳಿಗೆ ಕೊಡಬೇಕೇ, ಸಂಬಳ ಸಾರಿಗೆಯ ಸಾಮಾನ್ಯ ಖರ್ಚಿನಲ್ಲಿ ಕರಗಿಸಬೇಕೇ ಎಂದು ತೀರ್ಮಾನಿಸುವ ಅಧಿಕಾರ ಅಮರಾವತಿಯ ಮತ್ತು ಬೆಂಗಳೂರಿನ ವಿಧಾನಸಭೆಗಳಿಗೆ ಪ್ರತಿ ವರ್ಷದ ಬಜೆಟ್ ಅಧಿವೇಶನದಲ್ಲೂ ಇದೆ.